ಕೆಂಪು ರಾಜ್ಯ, ನೀಲಿ ರಾಜ್ಯ: ಅಮೆರಿಕದ ಎರಡು ಪಕ್ಷಗಳ ಬಿರುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಲ್ಲಾಸ್‌ನಿಂದಲೋ ಸ್ಯಾನ್ ಹೊಸೆಯಿಂದಲೋ ಮಗಳು ಫೋನ್ ಮಾಡಿ ‘ಇಲ್ಲಿ ಸರ್ಕಾರ ಬಂದ್ ಆಗಿದೆ’ ಎಂದರೆ, ಮೈಸೂರಿನಲ್ಲಿ ಕೂತವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಸರ್ಕಾರ ಬೀಳುವುದು ನಮಗೆ ಗೊತ್ತು, ಬಂದ್ ಆಗುವುದೆಂದರೇನು? ಇಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಮೊದಲೇ ಒಂದು ಮಾತು: ಕೆಳಗೆ ‘ಕಾಂಗ್ರೆಸ್’ ಎಂದು ಬಂದಲ್ಲೆಲ್ಲ ಅದು ಅಮೆರಿಕದ ಸಂಸತ್ತು, ಪಕ್ಷವಲ್ಲ. ಅದರ ಕೆಳಮನೆ ‘ಹೌಸ್’, 435 ಸ್ಥಾನ. ಮೇಲ್ಮನೆ ‘ಸೆನೆಟ್’, 100 ಸ್ಥಾನ.

ಕೆಂಪು ಯಾರು, ನೀಲಿ ಯಾರು?

ರಿಪಬ್ಲಿಕನ್ ಪಕ್ಷ ಕೆಂಪು, ಡೆಮಾಕ್ರಟಿಕ್ ಪಕ್ಷ ನೀಲಿ. ಕೆಂಬಾವುಟ ಎಂದರೆ ಎಡಪಕ್ಷ ಎಂದು ರೂಢಿಯಾದ ನಮಗೆ ಇದು ತಿರುಗುಮುರುಗು ಅನಿಸುತ್ತದೆ. ಬಣ್ಣ ಗಟ್ಟಿಯಾದದ್ದು 2000ದ ಚುನಾವಣೆಯಲ್ಲಿ. ಅದಕ್ಕೂ ಮೊದಲು ಒಂದೊಂದು ಟಿವಿ ಚಾನೆಲ್ ಒಂದೊಂದು ಬಣ್ಣ ಬಳಿಯುತ್ತಿತ್ತು. ಆ ವರ್ಷ ಜಾರ್ಜ್ ಬುಷ್ ಮತ್ತು ಅಲ್ ಗೋರ್ ನಡುವಿನ ಫಲಿತಾಂಶ ಫ್ಲೋರಿಡಾದ 537 ಮತಗಳ ಮೇಲೆ ನಿಂತು, ಸುಪ್ರೀಂ ಕೋರ್ಟ್ ತೀರ್ಪು ಬರುವವರೆಗೆ ಐದು ವಾರ ಅದೇ ಕೆಂಪು–ನೀಲಿ ನಕ್ಷೆ ಪರದೆಯ ಮೇಲೆ ಕೂತಿತ್ತು. ಆಮೇಲೆ ಅಳಿಸಲೇ ಇಲ್ಲ.

ಜನ ನಿಜವಾಗಿಯೂ ಅಷ್ಟು ದೂರ ಸರಿದಿದ್ದಾರೆಯೇ?

ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಅಭಿಪ್ರಾಯದ ಅಂತರ, ಇನ್ನೊಂದು ಅಸಹನೆ. ಅಭಿಪ್ರಾಯದ ವಿಚಾರದಲ್ಲಿ ನಡೆದದ್ದು ಒಡಕಿಗಿಂತ ಹೆಚ್ಚಾಗಿ ಜರಡಿ ಹಿಡಿಯುವ ಕೆಲಸ. ಮೊದಲು ಎರಡೂ ಮೂಟೆಗಳಲ್ಲಿ ಅಕ್ಕಿ–ರಾಗಿ ಬೆರೆತಿದ್ದವು. ಈಗ ಅಕ್ಕಿಯೆಲ್ಲ ಒಂದು ಮೂಟೆ, ರಾಗಿಯೆಲ್ಲ ಇನ್ನೊಂದು. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆ ಇದನ್ನೇ ಅಂಕಿಯಲ್ಲಿ ಹೇಳುತ್ತದೆ: 1994ರಲ್ಲಿ ನಡುಮಟ್ಟದ ಡೆಮಾಕ್ರಟ್‌ಗಿಂತ ಬಲಕ್ಕಿದ್ದ ರಿಪಬ್ಲಿಕನ್ನರು ಶೇ 64, 2014ರ ಹೊತ್ತಿಗೆ ಶೇ 92. ನಡುಮಟ್ಟದ ರಿಪಬ್ಲಿಕನ್‌ಗಿಂತ ಎಡಕ್ಕಿದ್ದ ಡೆಮಾಕ್ರಟರು ಶೇ 70ರಿಂದ ಶೇ 94ಕ್ಕೆ ಹೋದರು.

ಅಸಹನೆಯ ಲೆಕ್ಕ ಇನ್ನೂ ಚುರುಕು. ‘ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ?’ ಎಂದು 1960ರಲ್ಲಿ ಕೇಳಿದಾಗ ಹೌದೆಂದವರು ಎರಡೂ ಕಡೆ ಶೇ 5ರ ಆಸುಪಾಸು. 2010ರಲ್ಲಿ ಕೇಳಿದಾಗ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ, ಡೆಮಾಕ್ರಟರಲ್ಲಿ ಮೂರನೇ ಒಂದು ಪಾಲು ಹೌದೆಂದರು. ಸಂಬಂಧ ನೋಡುವಾಗ ನಾವು ‘ಅವರು ಯಾವ ಪೈಕಿ?’ ಎಂದು ಕೇಳುತ್ತೇವಲ್ಲ, ಆ ಜಾಗಕ್ಕೆ ಅಲ್ಲಿ ಪಕ್ಷ ಬಂದು ಕೂತಿದೆ.

ಇದು ಶುರುವಾದದ್ದು ಟ್ರಂಪ್‌ರಿಂದ ತಾನೇ?

ಅಲ್ಲ. ಟ್ರಂಪ್ ಈ ಹೊಲದಲ್ಲಿ ಬೆಳೆ ಕೊಯ್ದವರು, ಉತ್ತದ್ದು ಅವರಿಗಿಂತ ಅರ್ಧ ಶತಮಾನ ಮೊದಲು. 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಸೆನೆಟ್‌ನಲ್ಲಿ ಬಿದ್ದ ಮತಗಳನ್ನು ನೋಡಿ: ಪರ 73, ವಿರೋಧ 27. ಪರವಾಗಿ 46 ಡೆಮಾಕ್ರಟರು, 27 ರಿಪಬ್ಲಿಕನ್ನರು. ವಿರೋಧವಾಗಿ 21 ಡೆಮಾಕ್ರಟರು, 6 ರಿಪಬ್ಲಿಕನ್ನರು. ಅಂದರೆ ಬಿರುಕು ಪಕ್ಷಗಳ ನಡುವೆ ಇರಲಿಲ್ಲ, ಡೆಮಾಕ್ರಟಿಕ್ ಪಕ್ಷದ ಒಳಗೇ, ಉತ್ತರ ಮತ್ತು ದಕ್ಷಿಣದ ನಡುವೆ ಇತ್ತು. ಆ ಕಾಯ್ದೆಗೆ ಡೆಮಾಕ್ರಟಿಕ್ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕೆಲವೇ ವಾರಗಳಲ್ಲಿ ದಕ್ಷಿಣ ಕ್ಯಾರೊಲೈನಾದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಪಕ್ಷ ಬಿಟ್ಟು ರಿಪಬ್ಲಿಕನ್ ಆದರು. ದಕ್ಷಿಣದ ಬಿಳಿಯ ಮತದಾರರು ಅದೇ ದಾರಿ ಹಿಡಿಯಲು ಒಂದು ತಲೆಮಾರು ಬೇಕಾಯಿತು. ಒಂದು ಕಾಲಕ್ಕೆ ಡೆಮಾಕ್ರಟರ ಕೋಟೆಯಾಗಿದ್ದ ಟೆಕ್ಸಾಸ್‌ನಲ್ಲಿ 1994ರ ನಂತರ ರಾಜ್ಯವ್ಯಾಪಿ ಸ್ಥಾನ ಗೆದ್ದ ಡೆಮಾಕ್ರಟ್ ಒಬ್ಬರೂ ಇಲ್ಲ. ಎದುರುಗಡೆ, 1988ರವರೆಗೂ ರಿಪಬ್ಲಿಕನ್ ಅಧ್ಯಕ್ಷರಿಗೆ ಮತ ಕೊಟ್ಟ ಕ್ಯಾಲಿಫೋರ್ನಿಯಾ 1992ರಿಂದ ಒಮ್ಮೆಯೂ ಕೊಟ್ಟಿಲ್ಲ.

1994 ಇನ್ನೊಂದು ಕಾರಣಕ್ಕೂ ಮುಖ್ಯ. ಆ ವರ್ಷ ನ್ಯೂಟ್ ಗಿಂಗ್ರಿಚ್ ಮುಂದಾಳತ್ವದಲ್ಲಿ ರಿಪಬ್ಲಿಕನ್ನರು 40 ವರ್ಷಗಳ ಬಳಿಕ ಹೌಸ್ ಗೆದ್ದರು. ಸ್ಥಳೀಯ ಚರಂಡಿ, ರಸ್ತೆಯ ಮಾತು ಬಿಟ್ಟು ಇಡೀ ದೇಶಕ್ಕೆ ಒಂದೇ ಪ್ರಣಾಳಿಕೆ, ಎದುರಾಳಿಯ ಜತೆ ರಾಜಿ ಎಂದರೆ ಸೋಲು ಎಂಬ ವರಸೆ ಅಲ್ಲಿಂದ ರೂಢಿಯಾಯಿತು.

ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೇ ಇಲ್ಲವಂತೆ. ಮತ್ತೇಕೆ ಯಾರೂ ಪಕ್ಷದ ಗೆರೆ ದಾಟುವುದಿಲ್ಲ?

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ನಮ್ಮಲ್ಲಿ 1985ರಿಂದ ಸಂವಿಧಾನದ ಹತ್ತನೇ ಅನುಸೂಚಿಯಿದೆ. ವಿಪ್ ಮುರಿದವರ ಸ್ಥಾನಕ್ಕೆ ಕುತ್ತು. ಅಮೆರಿಕದಲ್ಲಿ ವಿಪ್ ಎಂಬ ಹುದ್ದೆ ಇದೆ, ಆದರೆ ಮಾತು ಕೇಳದವರನ್ನು ಮನೆಗೆ ಕಳಿಸುವ ಅಧಿಕಾರ ಅದಕ್ಕಿಲ್ಲ. ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಸಾಗಿಸುವ ಅಗತ್ಯವೂ ಇಲ್ಲ. ಆದರೂ ಶಿಸ್ತು ಬಿಗಿ.

ಕಾರಣ ಬಿ ಫಾರಂ. ನಮ್ಮಲ್ಲಿ ಬಿ ಫಾರಂ ಹೈಕಮಾಂಡಿನ ಕೈಯಲ್ಲಿದೆ. ಅಲ್ಲಿ ಅದನ್ನು ಕೊಡುವವರು ಮತದಾರರೇ, ‘ಪ್ರೈಮರಿ’ ಎಂಬ ಮೊದಲ ಸುತ್ತಿನ ಚುನಾವಣೆಯಲ್ಲಿ. ಕೇಳಲು ಎಷ್ಟು ಚೆನ್ನ! ಎಡವಟ್ಟಾಗುವುದು ಲೆಕ್ಕದಲ್ಲಿ. ಅಧ್ಯಕ್ಷರ ಚುನಾವಣೆ ಇಲ್ಲದ ವರ್ಷಗಳ ಪ್ರೈಮರಿಗೆ ಬರುವವರು ಅರ್ಹ ಮತದಾರರ ಐವರಲ್ಲಿ ಒಬ್ಬರ ಆಸುಪಾಸು. ಈ ಒಬ್ಬರು ಎರಡು ಪಕ್ಷಗಳಿಗೆ ಹಂಚಿಹೋಗುತ್ತಾರೆ. ಹೌಸ್‌ನ 435 ಸ್ಥಾನಗಳಲ್ಲಿ ನವೆಂಬರಿನ ಅಂತಿಮ ಚುನಾವಣೆಯಲ್ಲಿ ನಿಜವಾದ ಪೈಪೋಟಿ ಇರುವುದು ಕೆಲವು ಡಜನ್ ಸ್ಥಾನಗಳಲ್ಲಿ ಮಾತ್ರ. ಉಳಿದ ಕಡೆ ಪ್ರೈಮರಿ ಗೆದ್ದರೆ ಮುಗಿಯಿತು. ಹಾಗಾಗಿ ಸದಸ್ಯನ ಕಣ್ಣಿರುವುದು ತನ್ನ ಕ್ಷೇತ್ರದ ಎಲ್ಲ ಜನರ ಮೇಲಲ್ಲ, ಜೂನ್ ಬಿಸಿಲಲ್ಲೂ ಮತಗಟ್ಟೆಗೆ ಬರುವ ತನ್ನ ಪಕ್ಷದ ಆ ಹತ್ತು ಶೇಕಡ ಕಟ್ಟಾಳುಗಳ ಮೇಲೆ. ಎದುರು ಪಕ್ಷದವರ ಕೈಕುಲುಕಿದ ಒಂದು ಫೋಟೊ ಸಾಕು, ಸ್ವಂತ ಪಕ್ಷದಿಂದಲೇ ಪ್ರತಿಸ್ಪರ್ಧಿ ಎದ್ದು ನಿಲ್ಲಲು.

ಉದಾಹರಣೆಗೆ 2021ರ ಜನವರಿ 13. ಸಂಸತ್ ಭವನದ ಮೇಲೆ ಟ್ರಂಪ್ ಬೆಂಬಲಿಗರ ಗುಂಪು ನುಗ್ಗಿ ಒಂದು ವಾರವಾಗಿತ್ತು. ಟ್ರಂಪ್ ವಿರುದ್ಧ ಮಹಾಭಿಯೋಗಕ್ಕೆ ಹೌಸ್‌ನಲ್ಲಿ 10 ರಿಪಬ್ಲಿಕನ್ನರು ಮತ ಹಾಕಿದರು. 2022ರಲ್ಲಿ ಅವರ ಗತಿ ಹೀಗಾಯಿತು: ನಾಲ್ವರು ಮತ್ತೆ ನಿಲ್ಲಲೇ ಇಲ್ಲ. ನಾಲ್ವರು ಪ್ರೈಮರಿಯಲ್ಲೇ ಸೋತರು. ಇಬ್ಬರು ಉಳಿದರು. ಸೋತವರಲ್ಲಿ ವಯೋಮಿಂಗ್‌ನ ಲಿಜ್ ಚೇನಿಯೂ ಒಬ್ಬರು. ಹೌಸ್‌ನಲ್ಲಿ ಪಕ್ಷದ ಮೂರನೇ ಸ್ಥಾನದ ನಾಯಕಿಯಾಗಿದ್ದವರು, ತಂದೆ ಮಾಜಿ ಉಪಾಧ್ಯಕ್ಷ. ಇಷ್ಟಿದ್ದೂ ಸೋಲಿನ ಅಂತರ ಶೇ 37ಕ್ಕಿಂತ ಹೆಚ್ಚು.

ಡೆಮಾಕ್ರಟರ ಕಡೆಯೂ ಇದೇ ಗಾಳಿ. ಹೌಸ್‌ನ ಹಿರಿಯ ನಾಯಕ ಜೋ ಕ್ರೌಲಿ 2018ರ ಪ್ರೈಮರಿಯಲ್ಲಿ ತಮಗಿಂತ ಎಡಕ್ಕಿದ್ದ, 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಎದುರು ಮುಗ್ಗರಿಸಿದರು. ಪಕ್ಷದ ಜತೆ ಪದೇ ಪದೇ ಜಟಾಪಟಿ ಮಾಡಿದ ಸೆನೆಟರ್‌ಗಳಾದ ಜೋ ಮ್ಯಾಂಚಿನ್, ಕರ್ಸ್ಟನ್ ಸಿನೆಮಾ ಇಬ್ಬರೂ ಪಕ್ಷ ಬಿಟ್ಟರು, 2024ರಲ್ಲಿ ಸ್ಪರ್ಧಿಸಲಿಲ್ಲ.

ಕ್ಷೇತ್ರದ ಗಡಿ ಎಳೆದೇ ಚುನಾವಣೆ ಗೆಲ್ಲುತ್ತಾರೆ ಎನ್ನುತ್ತಾರಲ್ಲ, ಹೇಗೆ?

ಕಾಗದ–ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಊರು, 50 ಮತದಾರರು: 30 ನೀಲಿ, 20 ಕೆಂಪು. ತಲಾ 10 ಮತದಾರರ 5 ಕ್ಷೇತ್ರ ಮಾಡಬೇಕು. ನ್ಯಾಯವಾಗಿ ನೀಲಿಗೆ 3, ಕೆಂಪಿಗೆ 2 ಸಿಗಬೇಕು.

ಪೆನ್ಸಿಲ್ ನೀಲಿಯವರ ಕೈಯಲ್ಲಿದ್ದರೆ: ಪ್ರತಿ ಕ್ಷೇತ್ರಕ್ಕೂ 6 ನೀಲಿ, 4 ಕೆಂಪು. ಐದಕ್ಕೆ ಐದೂ ನೀಲಿ.

ಕೆಂಪಿನವರ ಕೈಗೆ ಬಂದರೆ: ಮೊದಲ ಎರಡು ಕ್ಷೇತ್ರಗಳಲ್ಲಿ ತಲಾ 9 ನೀಲಿಯವರನ್ನು ತುರುಕಿ, 1 ಕೆಂಪು ಬಿಡಿ. 18 ನೀಲಿ ಮತ ಅಲ್ಲೇ ಮುಗಿಯಿತು. ಉಳಿದದ್ದು 12 ನೀಲಿ, 18 ಕೆಂಪು. ಅವರನ್ನು ಮೂರು ಕ್ಷೇತ್ರಗಳಿಗೆ 4 ಮತ್ತು 6ರಂತೆ ಹಂಚಿ. ಕೆಂಪಿಗೆ 3, ನೀಲಿಗೆ 2. ಅಲ್ಪಮತದವರಿಗೆ ಬಹುಮತ!

ಇಷ್ಟೇ ವಿದ್ಯೆ: ಎದುರಾಳಿಯನ್ನು ಒಂದೆಡೆ ತುಂಬುವುದು, ಉಳಿದ ಕಡೆ ಚೂರು ಮಾಡುವುದು. ಹೆಸರು ‘ಜೆರಿಮ್ಯಾಂಡರ್’. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯ ಒಂದು ಕ್ಷೇತ್ರ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಾಣುತ್ತಿತ್ತು. ಇಬ್ಬರ ಹೆಸರೂ ಸೇರಿಕೊಂಡವು.

ನಮ್ಮಲ್ಲಿ ಈ ಕೆಲಸ ನಿವೃತ್ತ ನ್ಯಾಯಮೂರ್ತಿ ನೇತೃತ್ವದ ಡಿಲಿಮಿಟೇಷನ್ ಆಯೋಗದ್ದು. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಶಾಸನಸಭೆಯದ್ದೇ, ಅಂದರೆ ಆಗ ಬಹುಮತದಲ್ಲಿರುವ ಪಕ್ಷದ್ದೇ. 2019ರ ರೂಚೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಕ್ಷದ ಲಾಭಕ್ಕಾಗಿ ಗಡಿ ಎಳೆದರೆ ಅದನ್ನು ಫೆಡರಲ್ ನ್ಯಾಯಾಲಯಗಳು ವಿಚಾರಿಸುವಂತಿಲ್ಲ ಎಂದಿತು. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಗಡಿ ಬದಲಿಸುವ ವಾಡಿಕೆಯೂ 2025ರಲ್ಲಿ ಮುರಿಯಿತು. ಟೆಕ್ಸಾಸ್‌ನ ರಿಪಬ್ಲಿಕನ್ನರು ನಡುವಿನಲ್ಲೇ ಇನ್ನೂ 5 ಸ್ಥಾನ ಸಿಗುವಂತೆ ಹೊಸ ನಕ್ಷೆ ಮಾಡಿದರು. ಕ್ಯಾಲಿಫೋರ್ನಿಯಾದ ಡೆಮಾಕ್ರಟರು ಅದಕ್ಕೆ ಪ್ರತಿಯಾಗಿ, ತಮ್ಮದೇ ರಾಜ್ಯದ ಸ್ವತಂತ್ರ ಆಯೋಗದ ನಕ್ಷೆಯನ್ನು ಬದಿಗಿಟ್ಟು, 5 ಸ್ಥಾನದ ಆಸೆಯಲ್ಲಿ ನವೆಂಬರ್ 4ರಂದು ಜನಮತದ ಒಪ್ಪಿಗೆ ಪಡೆದರು. ಆಯೋಗವೇ ಸರಿ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಪಕ್ಷವದು.

ಈ ವಿದ್ಯೆ ಕೈಕೊಡುವುದೂ ಉಂಟು. ಮೇಲಿನ ಲೆಕ್ಕದಲ್ಲಿ ಕೆಂಪಿನವರ ಗೆಲುವು 6–4ರದ್ದು. ಹೆಚ್ಚು ಸ್ಥಾನದ ಆಸೆಗೆ ಅಂತರವನ್ನು ತೆಳುವಾಗಿ ಸವರಿದ್ದಾರೆ. ಒಂದು ವರ್ಷ ಗಾಳಿ ತಿರುಗಿ ಪ್ರತಿ ಕ್ಷೇತ್ರದಲ್ಲಿ ಇಬ್ಬರು ಮನಸ್ಸು ಬದಲಿಸಿದರೆ ಮೂರೂ ಕೈಬಿಡುತ್ತವೆ. ಇನ್ನೊಂದು ಮಾತು: ಸೆನೆಟ್ ಚುನಾವಣೆಗೆ ಇಡೀ ರಾಜ್ಯವೇ ಕ್ಷೇತ್ರ, ಗಡಿ ಎಳೆಯಲು ಜಾಗವಿಲ್ಲ. ಆದರೂ ಸೆನೆಟ್ ಅಷ್ಟೇ ಒಡೆದಿದೆ. ಆದ್ದರಿಂದ ಎಲ್ಲ ಪಾಪವನ್ನೂ ಪೆನ್ಸಿಲ್ ತಲೆಗೆ ಕಟ್ಟುವವರ ಮಾತನ್ನು ಅರ್ಧ ನಂಬಿ.

ಸೆನೆಟ್‌ನಲ್ಲಿ 51 ಮತವಿದ್ದರೂ ಮಸೂದೆ ಏಕೆ ಪಾಸಾಗುವುದಿಲ್ಲ?

ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕು. ಚರ್ಚೆ ಎಳೆದು ಮಸೂದೆ ತಡೆಯುವ ಈ ತಂತ್ರಕ್ಕೆ ‘ಫಿಲಿಬಸ್ಟರ್’ ಎನ್ನುತ್ತಾರೆ. ಹಿಂದೆ ನಿಂತು ಮಾತಾಡಲೇಬೇಕಿತ್ತು. ಮೇಲೆ ಹೇಳಿದ ಥರ್ಮಂಡ್ 1957ರಲ್ಲಿ 24 ಗಂಟೆ 18 ನಿಮಿಷ ಮಾತಾಡಿದ್ದರು. ಈಗ ಬಾಯಿ ತೆರೆಯುವ ಕಷ್ಟವೂ ಇಲ್ಲ, ತಡೆಯುತ್ತೇವೆಂದು ತಿಳಿಸಿದರೆ ಸಾಕು.

ಇದು ಸಂವಿಧಾನದಲ್ಲಿಲ್ಲ, ಸೆನೆಟ್ ತಾನೇ ಮಾಡಿಕೊಂಡ ನಿಯಮ. ಅದರಲ್ಲಿ ಎರಡೂ ಪಕ್ಷಗಳು ತೂತು ಕೊರೆದಿವೆ. 2013ರಲ್ಲಿ ಡೆಮಾಕ್ರಟರು ಸುಪ್ರೀಂ ಕೋರ್ಟ್ ಹೊರತು ಉಳಿದ ನೇಮಕಾತಿಗಳಿಗೆ ಸರಳ ಬಹುಮತ ಸಾಕೆಂದರು. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟನ್ನೂ ಸೇರಿಸಿದರು. ಮೊದಲ ತೂತಿನ ಫಲ ಕಂಡವರಲ್ಲಿ ಒಬ್ಬರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ. ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯರ ಹುದ್ದೆಗೆ ಅವರ ಹೆಸರು ಬಂದದ್ದು 2013ರ ನವೆಂಬರಿನಲ್ಲಿ. ಬಂದೂಕು ಆರೋಗ್ಯದ ಪ್ರಶ್ನೆ ಎಂದು ಹಿಂದೊಮ್ಮೆ ಟ್ವೀಟ್ ಮಾಡಿದ್ದರು. ಬಂದೂಕು ಮಾಲೀಕರ ಸಂಘ ಎದ್ದು ಕೂತಿತು, ನೇಮಕ ಒಂದು ವರ್ಷಕ್ಕೂ ಮೇಲೆ ನೇತಾಡಿತು. 2014ರ ಡಿಸೆಂಬರ್ 15ರಂದು ಸಿಕ್ಕಿದ್ದು 51–43. ಹಳೆಯ 60ರ ನಿಯಮ ಇದ್ದಿದ್ದರೆ ಆಗುತ್ತಿರಲಿಲ್ಲ.

ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನೇಮಕಕ್ಕೆ ಸೆನೆಟ್‌ನಲ್ಲಿ ಬಿದ್ದ ಮತಗಳಲ್ಲಿ ಕಾಲದ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. 1986ರಲ್ಲಿ ಬಲಪಂಥದ ಸ್ಕಲಿಯಾ 98–0. 1993ರಲ್ಲಿ ಉದಾರವಾದಿ ಗಿನ್ಸ್‌ಬರ್ಗ್ 96–3. 2020ರಲ್ಲಿ ಬ್ಯಾರೆಟ್ 52–48. 2022ರಲ್ಲಿ ಜಾಕ್ಸನ್ 53–47.

ಹಣಕಾಸಿನ ವಿಚಾರಕ್ಕೆ ಮಾತ್ರ ‘ರಿಕನ್ಸಿಲಿಯೇಷನ್’ ಎಂಬ ಹಿಂಬಾಗಿಲು ಇದೆ. ಸರಳ ಬಹುಮತ ಸಾಕು. 2017ರ ಜುಲೈ 28ರ ನಡುರಾತ್ರಿ ದಾಟಿದ ಮೇಲೆ ರಿಪಬ್ಲಿಕನ್ನರು ಒಬಾಮರ ಆರೋಗ್ಯ ಕಾಯ್ದೆಯ ಕೆಲವು ಭಾಗ ಕಿತ್ತುಹಾಕಲು ಈ ಬಾಗಿಲಿನಿಂದಲೇ ಬಂದರು. ಮಿದುಳು ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ಕಳೆದಿದ್ದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಎಡಗಣ್ಣಿನ ಮೇಲೆ ಗಾಯದ ಗುರುತಿನೊಡನೆ ಸಭೆಗೆ ಬಂದು, ಗುಮಾಸ್ತರ ಮೇಜಿನ ಮುಂದೆ ಕೈ ಚಾಚಿ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸಿದರು. 49–51. ಸ್ವಂತ ಪಕ್ಷದ ಮಸೂದೆ ಬಿತ್ತು. ಅಂಥ ಹೆಬ್ಬೆರಳುಗಳು ಈಗ ವಿರಳ.

ಸರ್ಕಾರ ‘ಬಂದ್’ ಆಗುವುದು ಹೇಗೆ? ಎಚ್-1ಬಿ ಕೆಲಸದ ವೀಸಾ ಮೇಲಿರುವವರಿಗೆ ಏನಾಗುತ್ತದೆ?

ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ 12 ಅನುದಾನ ಮಸೂದೆಗಳು ಪಾಸಾಗಬೇಕು. ಆಗದಿದ್ದರೆ ನಮ್ಮ ಲೇಖಾನುದಾನದಂಥ ತಾತ್ಕಾಲಿಕ ವ್ಯವಸ್ಥೆ ಬೇಕು. ಅದಕ್ಕೂ ಸೆನೆಟ್‌ನ 60 ಮತ ಬೇಕು. ಸಿಗದಿದ್ದರೆ ಬೀಗ. ನಮ್ಮಲ್ಲಿ ಹಣಕಾಸು ಮಸೂದೆ ಬಿದ್ದರೆ ಸರ್ಕಾರವೇ ಬೀಳುತ್ತದೆ. ಅಲ್ಲಿ ಅಧ್ಯಕ್ಷರ ಅವಧಿ ನಿಗದಿ, ಅವರು ಕುರ್ಚಿಯಲ್ಲೇ ಇರುತ್ತಾರೆ, ಗುಮಾಸ್ತರು ಮನೆಗೆ ಹೋಗುತ್ತಾರೆ.

ತಮಾಷೆಯೆಂದರೆ 1980ಕ್ಕೂ ಮೊದಲು ಹಣ ತಡವಾದರೂ ಕಚೇರಿಗಳು ನಡೆದುಕೊಂಡು ಹೋಗುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟಿ ಹಳೆಯ ಕಾಯ್ದೆಯೊಂದನ್ನು ಓದಿ, ಅನುದಾನವಿಲ್ಲದೆ ಕೆಲಸ ಮಾಡಿಸುವುದೇ ಕಾನೂನುಬಾಹಿರ ಎಂದು ಅಭಿಪ್ರಾಯ ಕೊಟ್ಟರು. ಅಲ್ಲಿಂದ ಬಂದ್ ಒಂದು ಆಯುಧವಾಯಿತು. 1995–96ರಲ್ಲಿ 21 ದಿನ, 2013ರಲ್ಲಿ 16, 2018–19ರಲ್ಲಿ 35, 2025ರಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43. 2025ರದ್ದರಲ್ಲಿ ಸಂಬಳವಿಲ್ಲದೆ ದುಡಿದ ವಿಮಾನ ನಿಯಂತ್ರಕರ ಕೊರತೆಯಿಂದ 40 ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿತಗೊಳಿಸಬೇಕಾಯಿತು. ಫೆಡರಲ್ ನೌಕರರಿಗೆ ಬಾಕಿ ಸಂಬಳ ಕೊಡಬೇಕೆಂದು 2019ರಲ್ಲಿ ಕಾಯ್ದೆಯಾಗಿದೆ. ಗುತ್ತಿಗೆಯಲ್ಲಿ ಕಸ ಗುಡಿಸುವವರಿಗೆ, ಕ್ಯಾಂಟೀನ್ ನಡೆಸುವವರಿಗೆ ಆ ಖಾತ್ರಿ ಇಲ್ಲ.

ಇನ್ನು ವೀಸಾ. ವಲಸೆ ಇಲಾಖೆ ಅರ್ಜಿ ಶುಲ್ಕದ ಮೇಲೆ ನಡೆಯುವುದರಿಂದ ಬಹುಪಾಲು ತೆರೆದೇ ಇರುತ್ತದೆ. ಸಿಕ್ಕಿಕೊಳ್ಳುವುದು ಕಾರ್ಮಿಕ ಇಲಾಖೆಯಲ್ಲಿ. ಎಚ್-1ಬಿ ಅರ್ಜಿಗೆ ಮೊದಲು ಅಲ್ಲಿಂದ ಎಲ್‌ಸಿಎ ಎಂಬ ಪ್ರಮಾಣಪತ್ರ ಬರಬೇಕು. ಆ ಇಲಾಖೆಯ ಅನುದಾನ ನಿಂತರೆ ಎಲ್‌ಸಿಎಯೂ ಇಲ್ಲ, ಗ್ರೀನ್ ಕಾರ್ಡ್ ಹಾದಿಯ ‘ಪರ್ಮ್’ ಎಂಬ ಪ್ರಮಾಣಪತ್ರ ಕೂಡ ಇಲ್ಲ. ಕಂಪನಿ ಬದಲಿಸುವವರು, ಅವಧಿ ಮುಗಿಯುತ್ತಿರುವವರು ನಡುನೀರಿನಲ್ಲಿ. 2018–19ರಲ್ಲಿ ಕಾರ್ಮಿಕ ಇಲಾಖೆಗೆ ಹಣ ಮೊದಲೇ ಸಿಕ್ಕಿತ್ತು, ತೊಂದರೆಯಾಗಲಿಲ್ಲ. 2013ರಲ್ಲೂ 2025ರಲ್ಲೂ ಆಯಿತು. ಎಲ್‌ಸಿಎಗೆ ಸಾಮಾನ್ಯವಾಗಿ 7 ಕೆಲಸದ ದಿನ ಬೇಕು, ಕೆಲಸದ ದಿನಾಂಕಕ್ಕೆ 6 ತಿಂಗಳು ಮುಂಚೆಯೇ ಹಾಕಬಹುದು. ಹಾಗಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ ಅವಧಿ ಮುಗಿಯುವವರು ಸೆಪ್ಟೆಂಬರ್ ಎರಡನೇ ವಾರದೊಳಗೆ ಅರ್ಜಿ ಹಾಕಿಸಿಕೊಳ್ಳಲು ಕಂಪನಿಯ ವಕೀಲರ ಬೆನ್ನು ಬೀಳುವುದು ಒಳ್ಳೆಯದು.

ಮೂರನೇ ಪಕ್ಷ ಏಕೆ ತಲೆ ಎತ್ತುವುದಿಲ್ಲ? ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ನಮ್ಮಲ್ಲೂ ಇದೆಯಲ್ಲ?

ನಮ್ಮಲ್ಲಿ ಪ್ರಾದೇಶಿಕ ಪಕ್ಷ ಇಪ್ಪತ್ತು ಸ್ಥಾನ ಗೆದ್ದರೂ ದಿಲ್ಲಿಯಲ್ಲಿ ಚೌಕಾಸಿ ಮಾಡಬಹುದು. ಅಲ್ಲಿ ದೊಡ್ಡ ಬಹುಮಾನ ಒಂದೇ, ಅಧ್ಯಕ್ಷ ಪದವಿ, ಅದನ್ನು ಹಂಚಿಕೊಳ್ಳಲಾಗದು. 1992ರಲ್ಲಿ ರಾಸ್ ಪೆರೋ ದೇಶದ ಶೇ 18.9 ಮತ ಪಡೆದರು, ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿದ ಮತ) ಸೊನ್ನೆ. ಟಿಕೆಟ್ ಸಿಗದವರು ನಮ್ಮಲ್ಲಿ ಬಂಡಾಯ ಅಭ್ಯರ್ಥಿಯಾಗುತ್ತಾರೆ. ಅಲ್ಲಿ ಪ್ರೈಮರಿಗೇ ನುಗ್ಗುತ್ತಾರೆ. ಪ್ರೈಮರಿ ಸೋತವರು ಪಕ್ಷೇತರರಾಗಿ ನಿಲ್ಲದಂತೆ ಹೆಚ್ಚಿನ ರಾಜ್ಯಗಳಲ್ಲಿ ನಿಯಮವಿದೆ. ಉಳಿದ ಸಂದಿ ಎಂದರೆ ಮತಪತ್ರದಲ್ಲಿ ಹೆಸರು ಕೈಯಾರೆ ಬರೆಸುವುದು. 2010ರಲ್ಲಿ ಅಲಾಸ್ಕದ ಲಿಸಾ ಮರ್ಕೌಸ್ಕಿ ಹಾಗೇ ಗೆದ್ದರು. ಹೆಸರಿನ ಕಾಗುಣಿತ ತಪ್ಪದಿರಲೆಂದು ಅದನ್ನು ಅಚ್ಚು ಹಾಕಿದ ಕೈಪಟ್ಟಿ ಹಂಚಿದ್ದರು.

ಕಡಿಮೆ ಮತ ಪಡೆದವರು ಅಧ್ಯಕ್ಷರಾಗುವುದು ಹೇಗೆ?

538 ಎಲೆಕ್ಟೋರಲ್ ಮತಗಳಲ್ಲಿ 270 ಬೇಕು. ಮೇನ್, ನೆಬ್ರಾಸ್ಕ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಒಂದು ಮತ ಮುಂದಿದ್ದವರಿಗೆ ಇಡೀ ರಾಜ್ಯದ ಮತ. 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 29 ಲಕ್ಷ ಮತ ಮುಂದಿದ್ದೂ ಸೋತರು. 2020ರಲ್ಲಿ ಬೈಡನ್ 70 ಲಕ್ಷ ಮತಗಳಿಂದ ಗೆದ್ದರು. ಆದರೆ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರೂ ಸೇರಿ ಸಿಕ್ಕ ಮುನ್ನಡೆ ಸುಮಾರು 43 ಸಾವಿರ. ಆ ಮೂರೂ ರಾಜ್ಯಗಳು ತಿರುಗಿದ್ದರೆ 269–269. 2024ರಲ್ಲಿ ಟ್ರಂಪ್ 312–226ರಿಂದ ಗೆದ್ದರು, ಈ ಸಲ ಒಟ್ಟು ಮತದಲ್ಲೂ ಮುಂದಿದ್ದರು.

ಎಣಿಕೆಯ ರಾತ್ರಿ ಕೆಂಪು ಮುಂದಿದ್ದು ಬೆಳಗ್ಗೆ ನೀಲಿಯಾಗುವುದು ಮೋಸವಲ್ಲವೇ?

ಅಲ್ಲ, ಎಣಿಕೆಯ ಸರದಿ. ಅಂಚೆ ಮತ ಹೆಚ್ಚಾಗಿ ಹಾಕುವವರು ಡೆಮಾಕ್ರಟರು. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ಗಳಲ್ಲಿ 2020ರಲ್ಲೂ 2024ರಲ್ಲೂ ಅಂಚೆ ಲಕೋಟೆಗಳನ್ನು ಮತದಾನದ ದಿನಕ್ಕೂ ಮೊದಲು ಒಡೆಯುವಂತಿರಲಿಲ್ಲ. ಸಹಿ, ದಿನಾಂಕ ನೋಡಿ, ಒಳಲಕೋಟೆ ತೆಗೆದು, ಮಡಿಕೆ ಬಿಡಿಸಿ ಯಂತ್ರಕ್ಕೆ ಕೊಡುವಷ್ಟರಲ್ಲಿ ರಾತ್ರಿ ಕಳೆಯುತ್ತದೆ. ಫ್ಲೋರಿಡಾದಲ್ಲಿ ಮೊದಲೇ ಒಡೆಯಬಹುದು, ಅಲ್ಲಿ ಊಟದ ಹೊತ್ತಿಗೆ ಫಲಿತಾಂಶ. ಇಡೀ ದೇಶಕ್ಕೆ ಚುನಾವಣೆ ನಡೆಸುವ ಒಂದು ಆಯೋಗ ಅಲ್ಲಿಲ್ಲ. ರಾಜ್ಯಕ್ಕೊಂದು ನಿಯಮ, ಜಿಲ್ಲೆಯಂಥ ಕೌಂಟಿಗೊಂದು ಕಚೇರಿ. ಸಂಶಯ ಬೆಳೆಯಲು ಅದೇ ಗೊಬ್ಬರ. 2022ರ ಡಿಸೆಂಬರಿನ ಕಾಯ್ದೆ ಒಂದು ಬಾಗಿಲನ್ನಂತೂ ಮುಚ್ಚಿದೆ: ಸಂಸತ್ತಿನಲ್ಲಿ ಎಲೆಕ್ಟೋರಲ್ ಮತಕ್ಕೆ ಆಕ್ಷೇಪ ಎತ್ತಲು ಈಗ ಎರಡೂ ಮನೆಗಳಲ್ಲಿ ಐದನೇ ಒಂದು ಪಾಲು ಸದಸ್ಯರ ಸಹಿ ಬೇಕು, ಮೊದಲು ಒಬ್ಬೊಬ್ಬರು ಸಾಕಿತ್ತು.

ಟಿವಿ, ಸೋಶಿಯಲ್ ಮೀಡಿಯಾದ್ದೇ ತಪ್ಪಲ್ಲವೇ?

ತುಪ್ಪ ಸುರಿದವು, ಬೆಂಕಿ ಹಚ್ಚಿದವಲ್ಲ. ವಿವಾದದ ಎರಡೂ ಬದಿ ತೋರಿಸಬೇಕೆಂಬ ನಿಯಮವನ್ನು 1987ರಲ್ಲಿ ಕೈಬಿಡಲಾಯಿತು. 1996ರಲ್ಲಿ ಫಾಕ್ಸ್ ನ್ಯೂಸ್, ಎಂಎಸ್‌ಎನ್‌ಬಿಸಿ ಎರಡೂ ಶುರುವಾದವು. ಫೇಸ್‌ಬುಕ್ ಹುಟ್ಟುವ ಹೊತ್ತಿಗೆ ಜರಡಿಯ ಕೆಲಸ ಬಹುಪಾಲು ಮುಗಿದಿತ್ತು.

ಇಬ್ಬರೂ ಸೇರಿ ಏನೂ ಮಾಡುವುದೇ ಇಲ್ಲವೇ?

ಮಾಡುತ್ತಾರೆ, ಸದ್ದಿಲ್ಲದೆ. 2021ರ ರಸ್ತೆ–ಸೇತುವೆ ಕಾಯ್ದೆಗೆ ಸೆನೆಟ್‌ನಲ್ಲಿ 19 ರಿಪಬ್ಲಿಕನ್ನರು ಸೇರಿ 69 ಮತ ಬಿತ್ತು. 2022ರ ಬಂದೂಕು ಕಾಯ್ದೆಗೆ 65. ಟಿವಿಯಲ್ಲಿ ಜಗಳ ತೋರಿಸಿದಷ್ಟು ಇವನ್ನು ತೋರಿಸುವುದಿಲ್ಲ.

ಮದ್ದು ಏನಾದರೂ ಇದೆಯೇ?

ಪ್ರಯೋಗಗಳಿವೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಎಲ್ಲ ಪಕ್ಷದವರಿಗೂ ಒಂದೇ ಪ್ರೈಮರಿ. ಮೊದಲ ಇಬ್ಬರು ನವೆಂಬರಿಗೆ. ಮಹಾಭಿಯೋಗಕ್ಕೆ ಮತ ಹಾಕಿ ಉಳಿದುಕೊಂಡ ಇಬ್ಬರು ರಿಪಬ್ಲಿಕನ್ನರಿದ್ದಾರಲ್ಲ, ಅವರು ಈ ಎರಡು ರಾಜ್ಯದವರೇ. ಆದರೆ ಅದೇ ವಾಷಿಂಗ್ಟನ್‌ನ ಮಹಾಭಿಯೋಗಕ್ಕೆ ಮತ ಹಾಕಿದ್ದ ಇನ್ನೊಬ್ಬರು ಇದೇ ಪದ್ಧತಿಯಲ್ಲಿ ಸೋತರು. ಅಲಾಸ್ಕ 2022ರಿಂದ ಮೊದಲ ನಾಲ್ವರನ್ನು ಮುಂದಕ್ಕೆ ಕಳಿಸಿ, ಮತದಾರರು 1, 2, 3 ಎಂದು ಆದ್ಯತೆ ಗುರುತಿಸುವಂತೆ ಮಾಡಿದೆ. ಯಾರಿಗೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳ ಮುಂದಿನ ಆಯ್ಕೆ ಎಣಿಸುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದು ಹೊಸದಲ್ಲ. 2024ರಲ್ಲಿ ಇದನ್ನು ರದ್ದು ಮಾಡುವ ಪ್ರಸ್ತಾಪ ಅಲಾಸ್ಕದಲ್ಲಿ ಕೂದಲೆಳೆಯಷ್ಟರಲ್ಲಿ ಸೋತಿತು.

ಗ್ರೀನ್ ಕಾರ್ಡ್ ಇದೆ. ಮತ ಹಾಕಬಹುದೇ, ದೇಣಿಗೆ ಕೊಡಬಹುದೇ?

ಮತ ಖಂಡಿತ ಬೇಡ. ಎಡವುವುದು ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ. 1993ರ ಕಾಯ್ದೆಯಂತೆ ಅಲ್ಲೇ ಮತದಾರರ ನೋಂದಣಿಯೂ ನಡೆಯುತ್ತದೆ; ‘ನೋಂದಾಯಿಸಬೇಕೇ?’ ಎಂಬ ಚೌಕಕ್ಕೆ ಗಡಿಬಿಡಿಯಲ್ಲಿ ಗುರುತು ಹಾಕಿಬಿಟ್ಟರೆ, ಮುಂದೆ ಪೌರತ್ವದ ಎನ್-400 ಅರ್ಜಿಯಲ್ಲಿ ‘ಎಂದಾದರೂ ನೋಂದಾಯಿಸಿದ್ದಿರಾ, ಮತ ಹಾಕಿದ್ದಿರಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಪೌರತ್ವ ಹೋಗಲಿ, ಗಡೀಪಾರಿನವರೆಗೂ ಮುಟ್ಟಬಹುದು. ಗುರುತು ಹಾಕಿದ್ದು ನೆನಪಾದರೆ ಅರ್ಜಿಗೆ ಮೊದಲೇ ವಲಸೆ ವಕೀಲರನ್ನು ಕಾಣಿ. ದೇಣಿಗೆಯನ್ನು ಗ್ರೀನ್ ಕಾರ್ಡಿನವರು ಕೊಡಬಹುದು, ಎಚ್-1ಬಿಯವರು ಕೊಡುವಂತಿಲ್ಲ.

ಪೌರತ್ವ ಸಿಕ್ಕ ಮೇಲೆ ನೋಂದಣಿ ಮಾಡುವಾಗ ಪಕ್ಷದ ಕಾಲಂ ಖಾಲಿ ಬಿಡುವವರು ಬಹಳ. ಟೆಕ್ಸಾಸ್‌ನಲ್ಲಿ ಆ ಕಾಲಂ ಇಲ್ಲವೇ ಇಲ್ಲ. ಆದರೆ ಪೆನ್ಸಿಲ್ವೇನಿಯಾ, ಫ್ಲೋರಿಡಾ, ನ್ಯೂಯಾರ್ಕ್‌ಗಳಲ್ಲಿ ಪಕ್ಷ ಬರೆಯದವರಿಗೆ ಪಕ್ಷದ ಪ್ರೈಮರಿಯಲ್ಲಿ ಮತವಿಲ್ಲ. ನ್ಯೂಯಾರ್ಕ್‌ನಲ್ಲಿ ಪಕ್ಷ ಬದಲಿಸಲು ಫೆಬ್ರವರಿ 14 ಕೊನೆ, ಪ್ರೈಮರಿ ಜೂನ್‌ನಲ್ಲಿ.

ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅಭ್ಯರ್ಥಿಯೊಬ್ಬರನ್ನು ಕರೆಯಬಹುದೇ?

ನಿಮ್ಮ ಕೂಟ ತೆರಿಗೆ ಕಾಯ್ದೆಯ 501(ಸಿ)(3) ಕಲಮಿನ ಅಡಿ ತೆರಿಗೆ ವಿನಾಯಿತಿ ಪಡೆದಿದ್ದರೆ ಎಚ್ಚರ. 1954ರಿಂದ ಇಂಥ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. ಅಭ್ಯರ್ಥಿಯಾಗಿ ಒಬ್ಬರನ್ನು ವೇದಿಕೆಗೆ ಕರೆದರೆ ಎದುರಾಳಿಗೂ ಅಂಥದ್ದೇ ಅವಕಾಶ ಕೊಡಬೇಕು, ಬೇರೆ ದಿನ ಸಣ್ಣ ಸಭೆಯಲ್ಲಿ ಕೊಟ್ಟರೆ ಸಾಲದು. ಹುದ್ದೆಯಲ್ಲಿರುವ ಸಂಸದರನ್ನು ಸಂಸದರಾಗಿ ಕರೆಯಬಹುದು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2023ರಿಂದ ಮಿಷಿಗನ್‌ನ ಡೆಮಾಕ್ರಟಿಕ್ ಸಂಸದರು; ಅವರಂಥವರು ಬಂದು ಊರಿನ ನೆನಪು ಹೇಳಿ ದೀಪ ಹಚ್ಚಿ ಹೋದರೆ ತೊಂದರೆಯಿಲ್ಲ. ‘ನವೆಂಬರಿನಲ್ಲಿ ನನಗೆ ಮತ ಹಾಕಿ’ ಎಂದರೆ ತೊಂದರೆ. ಆಹ್ವಾನದ ಪತ್ರದಲ್ಲೇ ‘ಪ್ರಚಾರದ ಮಾತು, ಕರಪತ್ರ, ದೇಣಿಗೆ ಸಂಗ್ರಹ ಬೇಡ’ ಎಂದು ಬರೆಯಿರಿ, ನಿರೂಪಕರ ಚೀಟಿಯಲ್ಲೂ ಅದೇ ಸಾಲು ಇರಲಿ. ಕೂಟದ ಅಧ್ಯಕ್ಷರು ಸ್ವಂತ ಮನೆಯಂಗಳದಲ್ಲಿ ಯಾರ ಫಲಕ ನೆಟ್ಟರೂ ಅದು ಅವರ ಇಷ್ಟ. ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಕೂಟದ ಇಮೇಲ್ ಪಟ್ಟಿಗೆ ಆ ಫಲಕದ ಫೋಟೊ ಹಾಕಬಾರದು.